ಊರಿನ ತಂಡ, ಊರಿಲ್ಲದ ತಂಡ: ಥಾಯ್ಲೆಂಡ್‌ನ ಕೆಳಹಂತದ ಫುಟ್‌ಬಾಲ್

ಸ್ನೇಹಿತರೇ,

2003ರ ಜುಲೈನಲ್ಲಿ ಜಕಾರ್ತಾದಲ್ಲಿ ಆಸಿಯಾನ್ ಕ್ಲಬ್ ಚಾಂಪಿಯನ್‌ಶಿಪ್‌ನ ಫೈನಲ್ ನಡೆಯಿತು. ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡ 3–1ರಿಂದ ಗೆದ್ದು ಕಪ್ ತಂದಿತು. ಭಾರತದ ಫುಟ್‌ಬಾಲ್ ಪ್ರೇಮಿಗಳು ಆ ಗೆಲುವನ್ನು ಇವತ್ತಿಗೂ ಹೆಮ್ಮೆಯಿಂದ ನೆನೆಯುತ್ತಾರೆ. ಅಂದು ಸೋತ ತಂಡ ಬ್ಯಾಂಕಾಕ್‌ನ ಬಿಇಸಿ ಟೆರೊ ಸಾಸನ. ಅದು ಸಾಮಾನ್ಯ ತಂಡವಾಗಿರಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಏಷ್ಯನ್ ಚಾಂಪಿಯನ್ಸ್ ಲೀಗ್‌ನ ಫೈನಲ್ ಆಡಿ, ಯುಎಇಯ ಅಲ್ ಐನ್ ಎದುರು ಎರಡೂ ಪಂದ್ಯ ಸೇರಿ ಒಂದೇ ಗೋಲಿನ ಅಂತರದಲ್ಲಿ ಸೋತ ತಂಡ ಅದು. ಆ ತಂಡ 2018ರಲ್ಲಿ ಎರಡನೇ ದರ್ಜೆಗೆ ಇಳಿಯಿತು, ಮೇಲೆ ಬಂದಿತು, 2024ರಲ್ಲಿ ಪುನಃ ಇಳಿಯಿತು. ಈಗ ಅದರ ಹೆಸರು ಪೊಲೀಸ್ ಟೆರೊ.

ಇಂಥ ತಂಡ ಇಳಿದರೆ ಯಾವ ಊರು ಅಳಬೇಕು? ಶಾಲೆಯೊಂದರ ಹುಡುಗರಿಂದ ಹುಟ್ಟಿ, ಟೆಲಿವಿಷನ್ ಕಂಪನಿಯ ಕೈ ಸೇರಿ, ಆಮೇಲೆ ಪೊಲೀಸ್ ತಂಡದೊಂದಿಗೆ ಬೆರೆತು, ಬ್ಯಾಂಕಾಕ್‌ನ ಒಂದು ಮೈದಾನದಿಂದ ಇನ್ನೊಂದಕ್ಕೆ ಹೋಗುತ್ತ ಬಂದ ತಂಡ ಅದು. ಅದಕ್ಕೆ ಕಪ್‌ಗಳಿದ್ದವು, ಒಳ್ಳೆಯ ಆಟಗಾರರಿದ್ದರು, ಊರು ಇರಲಿಲ್ಲ. ಥಾಯ್ಲೆಂಡ್‌ನ ಎರಡನೇ ಮತ್ತು ಮೂರನೇ ದರ್ಜೆಯ ಫುಟ್‌ಬಾಲನ್ನು ಹಲವು ವರ್ಷಗಳಿಂದ ಹಿಂಬಾಲಿಸುತ್ತ ಬಂದವನಾಗಿ ನಾನು ಇಂದು ಹೇಳಬೇಕೆಂದಿರುವುದು ಇಷ್ಟು: ಅಲ್ಲಿ ತಂಡವೊಂದು ಬಾಳಿತೇ ಅಳಿಯಿತೇ ಎಂಬುದನ್ನು ನಿರ್ಧರಿಸುವುದು ಅದು ಯಾವ ದರ್ಜೆಯಲ್ಲಿದೆ ಎಂಬುದಲ್ಲ, ಒಂದು ಊರು ಅದನ್ನು ತನ್ನದೆಂದು ಒಪ್ಪಿಕೊಂಡಿದೆಯೇ ಎಂಬುದು.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಸಯಾಮಿನ, ಅಂದರೆ ಇಂದಿನ ಥಾಯ್ಲೆಂಡ್‌ನ, ಫುಟ್‌ಬಾಲ್ ಸಂಸ್ಥೆ 1916ರಲ್ಲಿ ದೊರೆ ವಜಿರಾವುಧನ ಆಶ್ರಯದಲ್ಲಿ ಹುಟ್ಟಿತು. ಅಲ್ಲಿಂದ ಮುಂದಿನ ಎಂಟು ದಶಕ ಆಟವೆಂದರೆ ಬ್ಯಾಂಕಾಕ್, ಬ್ಯಾಂಕಾಕ್ ಎಂದರೆ ಕಚೇರಿ. ವಾಯುಪಡೆ, ಸೇನೆ, ಬಂದರು ಪ್ರಾಧಿಕಾರ, ತಂಬಾಕು ನಿಗಮ, ಟೆಲಿಫೋನ್ ಸಂಸ್ಥೆ, ಬ್ಯಾಂಕುಗಳು, ಹೀಗೆ ಎಲ್ಲವಕ್ಕೂ ತಂಡವಿತ್ತು. ಆಟಗಾರನಿಗೆ ಹಗಲು ನೌಕರಿ, ಸಂಜೆ ಅಭ್ಯಾಸ. ಎಚ್‌ಎಎಲ್, ಐಟಿಐ ತಂಡಗಳ ಆಟ ನೋಡಿದ ಬೆಂಗಳೂರಿನ ಹಿರಿಯರಿಗೆ ಈ ವ್ಯವಸ್ಥೆಯನ್ನು ವಿವರಿಸಬೇಕಾಗಿಲ್ಲ. 1996ರಲ್ಲಿ ರಾಷ್ಟ್ರೀಯ ಲೀಗ್ ಶುರುವಾದಾಗ ಮೊದಲ ಚಾಂಪಿಯನ್ ಆದದ್ದೂ ಬ್ಯಾಂಕಾಕ್ ಬ್ಯಾಂಕ್ ತಂಡವೇ.

ಈ ಕಚೇರಿ ತಂಡಗಳ ಪೈಕಿ ಥಾಯ್ ಫಾರ್ಮರ್ಸ್ ಬ್ಯಾಂಕಿನ ಕಥೆ ಕೇಳಿ. 1994 ಮತ್ತು 1995ರಲ್ಲಿ ಸತತ ಎರಡು ಬಾರಿ ಏಷ್ಯಾದ ಕ್ಲಬ್ ಚಾಂಪಿಯನ್ ಆದ ತಂಡ ಅದು. 1997ರ ಆರ್ಥಿಕ ಕುಸಿತ ಥಾಯ್ ಬ್ಯಾಂಕುಗಳನ್ನು ಬುಡಸಮೇತ ಅಲ್ಲಾಡಿಸಿತು. 2000ದಲ್ಲಿ ತಂಡವನ್ನು ಮುಚ್ಚಿದರು. ಖಂಡವನ್ನೇ ಗೆದ್ದ ತಂಡ ಇಲ್ಲವಾಗಲು ಆಡಳಿತ ಮಂಡಳಿಯ ಒಂದು ತೀರ್ಮಾನ ಸಾಕಾಯಿತು. ಕ್ರುಂಗ್ ಥಾಯ್ ಬ್ಯಾಂಕ್ ತಂಡದ್ದೂ ಹೆಚ್ಚು ಭಿನ್ನವಲ್ಲ. ಎರಡು ಬಾರಿ ಲೀಗ್ ಗೆದ್ದಿತ್ತು, 2009ರಲ್ಲಿ ಅದರ ಜಾಗವನ್ನು ಗಾಜಿನ ಕಂಪನಿಯೊಂದರ ತಂಡ ಪಡೆಯಿತು. ತಂಬಾಕು ನಿಗಮದ ತಂಡವಂತೂ ಹೊಸ ಕಾಲಕ್ಕೆ ಹೊಂದಿಕೊಳ್ಳಲು ಊರು ಹುಡುಕುತ್ತ ಹೊರಟಿತು. ಸಮುತ್ ಸಾಖೋನ್, ಫಿಚಿತ್, ಚಿಯಾಂಗ್ ಮಾಯ್, ಹೀಗೆ ಹೋದಲ್ಲೆಲ್ಲ ಆ ಊರಿನ ಹೆಸರನ್ನು ತನ್ನ ಹೆಸರಿಗೆ ಅಂಟಿಸಿಕೊಂಡಿತು. ಎಲ್ಲಿಯೂ ಬೇರು ಹಿಡಿಯಲಿಲ್ಲ. ಕೊನೆಗೆ ಇಲ್ಲವಾಯಿತು.

ಇತ್ತ ಪ್ರಾಂತ್ಯಗಳಲ್ಲಿ ಬೇರೆಯದೇ ಲೀಗ್ ಇತ್ತು. ಅದು 1999ರಲ್ಲಿ ಶುರುವಾದದ್ದು. ಹಣ ಕಡಿಮೆ, ಪ್ರೇಕ್ಷಕರು ಹೆಚ್ಚು. 2007ರ ಹೊತ್ತಿಗೆ ಎರಡೂ ವ್ಯವಸ್ಥೆಗಳು ಒಂದಾದವು. ಅದೇ ವರ್ಷ ಪ್ರಾಂತ್ಯದ ಲೀಗ್‌ನಿಂದ ಬಂದ ಚೋನ್‌ಬುರಿ ತಂಡ ರಾಜಧಾನಿಯ ಕಚೇರಿಗಳನ್ನೆಲ್ಲ ಹಿಂದಿಕ್ಕಿ ಚಾಂಪಿಯನ್ ಆಯಿತು. ಕ್ಲಬ್‌ಗಳು ಕಂಪನಿಗಳಾಗಿ ನೋಂದಣಿಯಾಗಬೇಕು ಎಂದು ಏಷ್ಯಾದ ಫುಟ್‌ಬಾಲ್ ಒಕ್ಕೂಟ ಪಟ್ಟು ಹಿಡಿದ ಮೇಲೆ, 2009ರಲ್ಲಿ ಪ್ರಾದೇಶಿಕ ಲೀಗ್ ಹುಟ್ಟಿತು. ಪ್ರಾಂತ್ಯದ ಹೆಸರು ಹೊತ್ತ ತಂಡಗಳು ದೇಶದ ಮೂಲೆ ಮೂಲೆಯಲ್ಲಿ ತಲೆಯೆತ್ತಿದವು. ಬ್ಯಾಂಕಾಕ್ ಹೊರತುಪಡಿಸಿ 76 ಪ್ರಾಂತ್ಯಗಳ ದೇಶ ಅದು. ಎಂದೂ ದೊಡ್ಡ ಆಟ ಕಾಣದ ಊರುಗಳಲ್ಲಿ ಜನ ಮೊದಲ ಸಲ ತಮ್ಮ ಊರಿನ ಹೆಸರಿರುವ ಅಂಗಿ ತೊಟ್ಟರು.

ಈಗಿನ ವ್ಯವಸ್ಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮೇಲೆ 16 ತಂಡಗಳ ಮೊದಲ ದರ್ಜೆ, ಅದರ ಕೆಳಗೆ 18 ತಂಡಗಳ ಎರಡನೇ ದರ್ಜೆ. ಮೂರನೇ ದರ್ಜೆ ಉತ್ತರ, ಈಶಾನ್ಯ, ಪೂರ್ವ, ಪಶ್ಚಿಮ, ದಕ್ಷಿಣ ಮತ್ತು ಬ್ಯಾಂಕಾಕ್ ಮಹಾನಗರ ಎಂದು ಆರು ವಲಯಗಳಾಗಿ ಒಡೆದಿದೆ. ನಾಲ್ಕನೇ ದರ್ಜೆಯನ್ನು 2020ರಲ್ಲಿ ಇದರೊಳಗೇ ಸೇರಿಸಿದರು. ವಲಯಗಳಲ್ಲಿ ಮೇಲೆ ಬಂದವರು ಕೊನೆಗೆ ರಾಷ್ಟ್ರಮಟ್ಟದ ಸುತ್ತಿನಲ್ಲಿ ಎದುರಾಗುತ್ತಾರೆ, ಮೂರು ತಂಡಗಳು ಬಡ್ತಿ ಪಡೆಯುತ್ತವೆ. ವಲಯಗಳು ಬೇಕಾದದ್ದು ದೂರದ ಕಾರಣಕ್ಕೆ. ಬ್ಯಾಂಕಾಕ್‌ನಿಂದ ಉತ್ತರದ ಚಿಯಾಂಗ್ ಮಾಯ್‌ಗೆ ರೈಲುದಾರಿ 751 ಕಿ.ಮೀ. ದಕ್ಷಿಣದ ಮಲೇಷ್ಯಾ ಗಡಿಗೆ 1,100 ಕಿ.ಮೀ.ಗೂ ಹೆಚ್ಚು. ಟಿಕೆಟ್ ಹಣ ಬಸ್ಸಿನ ಡೀಸೆಲ್‌ಗೂ ಸಾಲದ ತಂಡ ಈ ಉದ್ದಕ್ಕೆ ಓಡಾಡಲಾರದು.

ಈಗ ಊರುಗಳ ಕಡೆ ಬರೋಣ. ನನಗೆ ಈ ಆಟ ಪ್ರಿಯವಾದದ್ದೇ ಊರುಗಳಿಂದ.

ಉತ್ತರದಲ್ಲಿ ವಾಂಗ್ ನದಿಯ ದಂಡೆಯ ಮೇಲೆ ಲಂಪಾಂಗ್ ಎಂಬ ನಗರವಿದೆ. ಒಂದು ಕಾಲಕ್ಕೆ ತೇಗದ ವ್ಯಾಪಾರದಿಂದ ಮೆರೆದ ಊರು. ಬರ್ಮಾದಿಂದ ಬಂದ ತೇಗದ ವರ್ತಕರು ಕಟ್ಟಿಸಿದ ದೇಗುಲಗಳು ಇಂದಿಗೂ ಅಲ್ಲಿವೆ. 1916ರಲ್ಲಿ ರೈಲು ಬಂದಿತು. ನಿಲ್ದಾಣದಿಂದ ಪೇಟೆಗೆ ಜನರನ್ನು ಕರೆದೊಯ್ಯಲು ಕುದುರೆಗಾಡಿಗಳು ನಿಂತವು. ಬೇರೆ ಊರುಗಳಲ್ಲಿ ಮೋಟಾರು ಬಂದ ಮೇಲೆ ಅವು ಮಾಯವಾದವು, ಲಂಪಾಂಗ್‌ನಲ್ಲಿ ಉಳಿದುಕೊಂಡವು. ಹೂವಿನ ಅಲಂಕಾರದ ಗಾಡಿಗಳು ಈಗಲೂ ಬೀದಿಯಲ್ಲಿ ಓಡುತ್ತವೆ. ಥಾಯ್ ರಾಜ್ಯದ ಅತ್ಯಂತ ಪವಿತ್ರ ವಿಗ್ರಹವಾದ ಪಚ್ಚೆ ಬುದ್ಧ ಹದಿನೈದನೇ ಶತಮಾನದಲ್ಲಿ ಮೂರು ದಶಕಗಳ ಕಾಲ ಇದೇ ಊರಿನಲ್ಲಿತ್ತು. ಲಂಪಾಂಗ್ ಎಫ್‌ಸಿ ತಂಡವನ್ನು ಅಭಿಮಾನಿಗಳು ‘ಪಚ್ಚೆಯ ಕುದುರೆಗಾಡಿ’ ಎಂದು ಕರೆಯುತ್ತಾರೆ. ಊರಿನ ಚರಿತ್ರೆಯ ಎರಡು ತುಂಡುಗಳನ್ನು ಜೋಡಿಸಿದರೆ ತಂಡದ ಹೆಸರು ಸಿದ್ಧ. ಇದನ್ನು ಯಾವ ಜಾಹೀರಾತು ಕಂಪನಿಯೂ ಮಾಡಿಕೊಡಲಾರದು.

ಲಂಪಾಂಗ್‌ನ ಬಿಳಿ ಜೇಡಿಮಣ್ಣಿನಿಂದ ಮಾಡಿದ ಬೋಗುಣಿಗಳನ್ನು ನೀವು ಥಾಯ್ಲೆಂಡ್‌ನ ಯಾವುದೇ ನೂಡಲ್ ಅಂಗಡಿಯಲ್ಲಿ ನೋಡಬಹುದು. ಕೆಂಪು ಕುತ್ತಿಗೆ, ಕಪ್ಪು ಬಾಲದ ಹುಂಜ, ಪಕ್ಕದಲ್ಲಿ ಗುಲಾಬಿ ಬಣ್ಣದ ಹೂವು, ಬಾಳೆಯ ಗಿಡ. ದೇಶಕ್ಕೆಲ್ಲ ಬಟ್ಟಲು ಕೊಟ್ಟ, ಮೇ ಮೋ ಕಲ್ಲಿದ್ದಲ ಗಣಿಯಿಂದ ದೇಶಕ್ಕೆ ವಿದ್ಯುತ್ ಕೊಟ್ಟ ಈ ಊರಿನ ತಂಡ 2022ರಲ್ಲಿ ಬಡ್ತಿಯ ಪಂದ್ಯಗಳನ್ನು ಗೆದ್ದು ಮೊದಲ ಬಾರಿಗೆ ಮೊದಲ ದರ್ಜೆಗೆ ಏರಿತು. ಒಂದೇ ಋತು ನಿಂತು ಇಳಿಯಿತು. ಅಂಕಪಟ್ಟಿ ನೋಡುವವರಿಗೆ ಅದು ಸೋಲು. ಬುರಿರಾಮ್‌ನಂಥ ಶ್ರೀಮಂತ ತಂಡವನ್ನು ತನ್ನ ಮೈದಾನಕ್ಕೆ ಬರಮಾಡಿಕೊಂಡ ಊರಿಗೆ ಆ ಒಂದು ವರ್ಷ ಬಹಳ ದೊಡ್ಡದು ಎಂದು ನಾನು ನಂಬುತ್ತೇನೆ.

ಇಂಥ ಲಾಂಛನಗಳನ್ನು ಹುಡುಕುತ್ತ ಹೋದರೆ ಇಡೀ ದೇಶದ ಭೂಗೋಳ ಕಣ್ಣೆದುರು ಬರುತ್ತದೆ. ಚೈನಾತ್‌ನಲ್ಲಿ ದೊಡ್ಡ ಪಕ್ಷಿಧಾಮವಿದೆ, ತಂಡದ ಹೆಸರು ಮಂಗಟ್ಟೆ ಹಕ್ಕಿಯದು. ಉದೋನ್ ಥಾನಿ ಪ್ರಾಂತ್ಯದ ಮುದ್ರೆಯಲ್ಲಿರುವವನು ಉತ್ತರ ದಿಕ್ಕಿನ ಒಡೆಯ ವೈಶ್ರವಣ, ನಮ್ಮ ಕುಬೇರ. ಆ ಊರಿನ ತಂಡ ‘ಕಿತ್ತಳೆ ಯಕ್ಷ’. ರಯೋಂಗ್ ತಂಡದ್ದು ಇನ್ನೂ ಸೊಗಸು. ಕವಿ ಸುಂಥೋನ್ ಫುವಿನ ತಂದೆಯ ಊರು ರಯೋಂಗ್ ಪ್ರಾಂತ್ಯದಲ್ಲಿದೆ. ಅವನ ಮಹಾಕಾವ್ಯ ‘ಫ್ರಾ ಅಫೈ ಮಣಿ’ಯಲ್ಲಿ ಅರ್ಧ ಕುದುರೆ, ಅರ್ಧ ಡ್ರ್ಯಾಗನ್ ಆದ ಒಂದು ಪ್ರಾಣಿ ಬರುತ್ತದೆ. ಫುಟ್‌ಬಾಲ್ ತಂಡ ಅದರ ಹೆಸರನ್ನೇ ಹೊತ್ತಿದೆ. ಖೋನ್ ಕೇನ್‌ನಲ್ಲಿ 1976ರಲ್ಲಿ ಯುರೇನಿಯಂ ಹುಡುಕುತ್ತಿದ್ದ ಭೂವಿಜ್ಞಾನಿಗಳಿಗೆ ಫೂ ವಿಯಾಂಗ್ ಬೆಟ್ಟದಲ್ಲಿ ಡೈನೊಸಾರ್ ಮೂಳೆ ಸಿಕ್ಕಿತು. ಖೋನ್ ಕೇನ್ ಎಫ್‌ಸಿ ತಂಡ ಟಿ-ರೆಕ್ಸ್ ಆದದ್ದು ಹಾಗೆ. ಅದೇ ಊರಿನ ಇನ್ನೊಂದು ತಂಡ, ಖೋನ್ ಕೇನ್ ಯುನೈಟೆಡ್, ಕಾಳಿಂಗ ಸರ್ಪವನ್ನು ಆರಿಸಿಕೊಂಡಿತು. ಆ ಪ್ರಾಂತ್ಯದಲ್ಲಿ ಕಾಳಿಂಗ ಸರ್ಪ ಸಾಕುವ ಹಳ್ಳಿಯೇ ಇದೆ.

ಆದರೆ ಲಾಂಛನ ಎದೆಯ ಮೇಲಿದ್ದ ಮಾತ್ರಕ್ಕೆ ತಂಡ ಊರಿನದಾಗುವುದಿಲ್ಲ. ಇದಕ್ಕೆ ಸೀಸಕೇತ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಸೀಸಕೇತ್ ಈಶಾನ್ಯದ, ಅಂದರೆ ಈಸಾನ್ ಸೀಮೆಯ, ಕಾಂಬೋಡಿಯಾ ಗಡಿಯ ಪ್ರಾಂತ್ಯ. ಭತ್ತ, ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಅಗ್ನಿಪರ್ವತದ ಕೆಂಪು ಮಣ್ಣಿನಲ್ಲಿ ಬೆಳೆಯುವ ದುರಿಯನ್ ಹಣ್ಣು. ದುಡಿಮೆಗಾಗಿ ಯುವಕರು ಬ್ಯಾಂಕಾಕ್‌ಗೆ ಹೋಗುವ ಊರು. 2025ರ ಜುಲೈನಲ್ಲಿ ಗಡಿಯಲ್ಲಿ ಕಾಳಗ ನಡೆದಾಗ ಇಲ್ಲಿನ ಗಡಿಭಾಗದ ಜನ ಮನೆ ಬಿಟ್ಟು ಓಡಬೇಕಾಯಿತು. ಈ ಊರಿನ ತಂಡದ ಲಾಂಛನ ಕೂಪ್ರಿ ಎಂಬ ಕಾಡೆತ್ತು. ದಂಗ್ರೇಕ್ ಬೆಟ್ಟಸಾಲಿನ ಕಾಡುಗಳಲ್ಲಿ ಅಲೆಯುತ್ತಿದ್ದ ಆ ಪ್ರಾಣಿಯನ್ನು ದಶಕಗಳಿಂದ ಯಾರೂ ಖಚಿತವಾಗಿ ಕಂಡಿಲ್ಲ. ಕಾಡಿನಲ್ಲಿ ಇಲ್ಲವಾದ ಎತ್ತು ಫುಟ್‌ಬಾಲ್ ಅಂಗಿಯ ಮೇಲೆ ಬದುಕಿದೆ.

2010ರಲ್ಲಿ ಸೀಸಕೇತ್ ಮೊದಲ ದರ್ಜೆಗೆ ಏರಿತು. ಊರಿನ ಹೂವಾದ ಲಮ್ದುವನ್‌ನ ಹೆಸರಿನ ಮೈದಾನ ತುಂಬತೊಡಗಿತು. ಅಷ್ಟರಲ್ಲಿ, 2012ರಲ್ಲಿ, ತಂಡದ ಹೆಸರು ಈಸಾನ್ ಯುನೈಟೆಡ್ ಎಂದು ಬದಲಾಯಿತು. ತವರು ಮೈದಾನ ಪಕ್ಕದ ಉಬೋನ್ ರಾಚಥಾನಿಗೆ ಹೋಯಿತು. ಒಂದು ಊರಿನ ಬದಲು ಇಡೀ ಈಸಾನ್ ಸೀಮೆಯೇ ಅಭಿಮಾನಿಯಾಗಲಿ ಎಂಬ ಲೆಕ್ಕ. ಲೆಕ್ಕ ಕಾಗದದ ಮೇಲೆ ಸರಿಯಾಗಿತ್ತು. ಎರಡು ಕೋಟಿಗೂ ಹೆಚ್ಚು ಜನರಿರುವ ಸೀಮೆ ಅದು. ಆದರೆ ಆ ಸೀಮೆಯ ಒಬ್ಬೊಬ್ಬನಿಗೂ ತನ್ನದೇ ಪ್ರಾಂತ್ಯವಿದೆ, ತನ್ನದೇ ದೇವಸ್ಥಾನವಿದೆ, ತನ್ನದೇ ಪೇಟೆಯಿದೆ. ತಂಡ ಮರುವರ್ಷ ಸೀಸಕೇತ್‌ಗೆ ಮರಳಬೇಕಾಯಿತು. ಒಡೆತನ ಯಾರದು ಎಂಬ ಜಗಳದಲ್ಲಿ 2013ರ ಲೀಗ್ ಪೂರ್ತಿ ಆಡಲು ಆಗಲಿಲ್ಲ. ಇಷ್ಟೆಲ್ಲ ಆದ ಮೇಲೂ ಜನ ಮೈದಾನಕ್ಕೆ ಬಂದರು, ತಂಡ 2017ರವರೆಗೆ ಮೊದಲ ದರ್ಜೆಯಲ್ಲಿ ಆಡಿತು. ಬೇರೊಂದು ಊರಿಗೆ ಕೊಂಡೊಯ್ದ ತಂಡವನ್ನು ವಾಪಸು ಬಂದಾಗ ಕ್ಷಮಿಸಿ ಒಳಗೆ ಕರೆದುಕೊಂಡದ್ದು ಸೀಸಕೇತ್‌ನ ದೊಡ್ಡತನ. ಆ ಜನರ ಬಗ್ಗೆ ನನಗೆ ಅಪಾರ ಗೌರವವಿದೆ.

ಇಲ್ಲಿ ನೀವು ಬುರಿರಾಮ್‌ನ ಪ್ರಶ್ನೆ ಎತ್ತಬಹುದು. ಅದೂ ಸ್ಥಳಾಂತರಗೊಂಡ ತಂಡವೇ. ವಿದ್ಯುತ್ ಇಲಾಖೆಯ ತಂಡವಾಗಿ 2008ರ ಲೀಗ್ ಗೆದ್ದು, ಅಯುಥಾಯದಲ್ಲಿ ಆಡುತ್ತಿದ್ದುದನ್ನು ರಾಜಕಾರಣಿ ನೇವಿನ್ ಚಿದ್‌ಚೋಬ್ ತಮ್ಮ ಊರಿಗೆ ತಂದರು. ಇಂದು ಅದು ದೇಶದ ಅತಿ ಬಲಿಷ್ಠ ತಂಡ. 2019ರ ಕಿಂಗ್ಸ್ ಕಪ್‌ನಲ್ಲಿ ಭಾರತ ಥಾಯ್ಲೆಂಡನ್ನು 1–0ರಿಂದ ಸೋಲಿಸಿದ್ದು ಅದೇ ಬುರಿರಾಮ್ ಮೈದಾನದಲ್ಲಿ. ಹಾಗಾದರೆ ಸ್ಥಳಾಂತರ ಫಲಿಸಿತಲ್ಲವೇ? ಫಲಿಸಿತು, ಒಪ್ಪುತ್ತೇನೆ. ಅಲ್ಲಿ ತಂಡದ ಜೊತೆ ಮೈದಾನ ಬಂದಿತು, ಹೋಟೆಲು ಬಂದವು, ರೇಸಿಂಗ್ ಟ್ರ್ಯಾಕ್ ಬಂದಿತು, ಊರೇ ಬದಲಾಯಿತು. ಒಬ್ಬ ಮನುಷ್ಯ ತನ್ನ ಹಣ ಮತ್ತು ಪ್ರಭಾವವನ್ನು ಒಂದೇ ಊರಿನಲ್ಲಿ ಸುರಿದದ್ದರ ಫಲ ಅದು. ಅದನ್ನು ನೋಡಿ ತಾವೂ ಹಾಗೆ ಮಾಡಬಹುದೆಂದು ಹೊರಟವರು ಹಲವರು, ಬುರಿರಾಮ್ ಮಾತ್ರ ಒಂದೇ. ಅಯುಥಾಯದ ಜನ ತಮ್ಮದೇ ಹೆಸರಿನ ತಂಡವನ್ನು ಮೊದಲ ದರ್ಜೆಯಲ್ಲಿ ಕಾಣಲು 2025ರವರೆಗೆ ಕಾಯಬೇಕಾಯಿತು ಎಂಬುದನ್ನೂ ಮರೆಯಬಾರದು.

ಕೆಳಹಂತದ ತಂಡಗಳ ನಿಜವಾದ ಕಷ್ಟ ಇಲ್ಲಿಯೇ ಇದೆ. ಮೈದಾನ ಸಾಮಾನ್ಯವಾಗಿ ಪ್ರಾಂತ್ಯ ಆಡಳಿತದ್ದು ಅಥವಾ ಸರ್ಕಾರದ ಕ್ರೀಡಾ ಪ್ರಾಧಿಕಾರದ್ದು. ಸುತ್ತ ಓಟದ ಟ್ರ್ಯಾಕ್, ಒಂದು ಬದಿಗೆ ಮಾತ್ರ ಚಾವಣಿ. ತಂಡ ಮಾತ್ರ ಖಾಸಗಿ ಕಂಪನಿ, ಅದರ ಅಧ್ಯಕ್ಷ ಬಹುಮಟ್ಟಿಗೆ ಸ್ಥಳೀಯ ರಾಜಕಾರಣಿ ಅಥವಾ ಅವರ ಮನೆಯವರು. ಸುಫನ್‌ಬುರಿಯ ತಂಡವನ್ನು ಮಾಜಿ ಪ್ರಧಾನಿ ಬನ್ಹಾರ್ನ್ ಸಿಲ್ಪ-ಆರ್ಚಾ ಅವರ ಮನೆತನದಿಂದ ಬೇರ್ಪಡಿಸಿ ಯಾರೂ ನೋಡುತ್ತಿರಲಿಲ್ಲ. ಆಶ್ರಯದಾತನಿಗೆ ಆಸಕ್ತಿ ಇರುವವರೆಗೆ ಸಂಬಳ ಬರುತ್ತದೆ, ಬ್ರೆಜಿಲ್‌ನಿಂದ ಸ್ಟ್ರೈಕರ್ ಬರುತ್ತಾನೆ. ಆಸಕ್ತಿ ತೀರಿದ ದಿನ ತಂಡ ಮೂರನೇ ದರ್ಜೆಯಲ್ಲಿರುತ್ತದೆ. ಇದರ ಮೇಲೆ 2024ರಲ್ಲಿ ಪ್ರಸಾರ ಹಕ್ಕಿನ ಬೆಲೆ ಕುಸಿದು, ಫುಟ್‌ಬಾಲ್ ಸಂಸ್ಥೆಯಿಂದ ಬರುವ ನೆರವಿನ ಹಣಕ್ಕೂ ಪೆಟ್ಟು ಬಿತ್ತು. ಸಂಬಳ ಬಾಕಿಯ ದೂರುಗಳು ಹೊಸವಲ್ಲ. ಹೀಗೆ ಸಂಬಳವಿಲ್ಲದೆ ಆಡುವ ಹುಡುಗರು ಪಂದ್ಯ ಮುಗಿದ ಮೇಲೂ ಪ್ರೇಕ್ಷಕರ ಮುಂದೆ ಸಾಲಾಗಿ ನಿಂತು, ಕೈಮುಗಿದು ತಲೆಬಾಗುವುದನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ. ಆ ನಮಸ್ಕಾರ ಪ್ರೇಕ್ಷಕರಿಗೆ ಸಲ್ಲಬೇಕಾದದ್ದೇ. ಆದರೆ ಆ ಹುಡುಗರಿಗೂ ಸಲ್ಲಬೇಕಾದದ್ದು ಇದೆ.

ಪರಿಹಾರ ನನ್ನ ದೃಷ್ಟಿಯಲ್ಲಿ ಕಷ್ಟದ್ದಲ್ಲ, ಇಚ್ಛೆ ಬೇಕು. ಊರಿನ ಹೆಸರು, ಲಾಂಛನ, ಬಣ್ಣ ಈ ಮೂರೂ ಪ್ರಾಂತ್ಯದ ಆಸ್ತಿಯಾಗಬೇಕು, ಕಂಪನಿಗೆ ಅವು ಬಾಡಿಗೆಗೆ ಮಾತ್ರ ಸಿಗಬೇಕು. ಅಧ್ಯಕ್ಷ ಬದಲಾದರೆ ಬದಲಾಗಲಿ, ತಂಡವನ್ನು ಪಕ್ಕದ ಊರಿಗೆ ಮಾರುವ ಹಕ್ಕು ಅವರಿಗೆ ಇರಬಾರದು. ಮೈದಾನ ಹೇಗೂ ಸಾರ್ವಜನಿಕರದ್ದೇ ಆಗಿರುವಾಗ ಇದು ದೂರದ ಮಾತಲ್ಲ. ಅಭಿಮಾನಿಗಳ ಸಂಘಕ್ಕೆ ಆಡಳಿತದಲ್ಲಿ ಒಂದು ಕುರ್ಚಿಯಾದರೂ ಸಿಗಬೇಕು. ಡೋಲು ಹೊತ್ತು, ಅಂಟು ಅನ್ನ ಮತ್ತು ಸುಟ್ಟ ಕೋಳಿ ಕಟ್ಟಿಕೊಂಡು ರಾತ್ರಿಯೆಲ್ಲ ಬಸ್ಸಿನಲ್ಲಿ ಹೊರ ಊರಿನ ಪಂದ್ಯಕ್ಕೆ ಹೋಗುವವರು ಅವರೇ.

ನಿಮ್ಮಲ್ಲಿ ಆಸಕ್ತಿ ಇರುವವರು ಈ ಋತುವಿನಲ್ಲಿ ಮೂರನೇ ದರ್ಜೆಯ ಈಶಾನ್ಯ ವಲಯದ ಒಂದು ಪಂದ್ಯವನ್ನಾದರೂ ಅಂತರ್ಜಾಲದಲ್ಲಿ ನೋಡಿ. ಆಟದ ಗುಣಮಟ್ಟ ಏರುಪೇರಾಗಿರುತ್ತದೆ, ಕ್ಯಾಮೆರಾ ಒಂದೇ ಕಡೆ ನಿಂತಿರುತ್ತದೆ. ಅದನ್ನು ಸಹಿಸಿಕೊಂಡು, ಮೊದಲು ಅಂಗಿಯ ಮೇಲಿನ ಲಾಂಛನ ಏನೆಂದು ಗುರುತಿಸಿ, ಆ ಪ್ರಾಂತ್ಯ ನಕಾಶೆಯಲ್ಲಿ ಎಲ್ಲಿದೆ ಎಂದು ಹುಡುಕಿ, ಆಮೇಲೆ ಆಟ ನೋಡಿ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.