ಗ್ರಾಹಕರ ಕಾಳಜಿ ಕೋಲಾರದ ತೋಟ ಮುಟ್ಟಬೇಕಾದರೆ

ಎಲ್ಲರಿಗೂ ನಮಸ್ಕಾರ. ಮುಂದೆ ಕೂತಿರುವ ಹಿರಿಯ ರೈತರಿಗೂ, ಹಿಂದೆ ನಿಂತುಕೊಂಡೇ ಕೇಳುತ್ತಿರುವ ಕಾಲೇಜು ಮಕ್ಕಳಿಗೂ.

ಪರಿಸರ ಹಾಳಾಗಬಾರದು ಅಂತ ತಿನ್ನುವವರು ಬಯಸಿದರೆ ಬೆಳೆಯುವವರು ಬದಲಾಗುತ್ತಾರಾ? ಇವತ್ತು ಮಾತಾಡಲು ಕೊಟ್ಟಿರುವ ವಿಷಯ ಇದು. ಬದಲಾಗುತ್ತಾರೆ ಅಂತಲೇ ನಾನು ನಂಬಿದ್ದೇನೆ. ಆದರೆ ಆ ಬಯಕೆ ರೇಟಿನಲ್ಲಿ ಕಾಣಬೇಕು, ವಾರ ವಾರ ಕಾಣಬೇಕು. ಬರೀ ಮಾತಿನಲ್ಲಿ ಉಳಿದರೆ ಅದು ಹೊಸಕೋಟೆ ದಾಟಿ ಈ ಕಡೆ ಬರುವುದೇ ಇಲ್ಲ.

ನಮ್ಮ ಎಪಿಎಂಸಿ ಟೊಮೆಟೊ ಮಾರುಕಟ್ಟೆಯನ್ನೇ ನೋಡಿ. ಬಾಕ್ಸುಗಳು ಸಾಲಾಗಿ ಕೂತಿರುತ್ತವೆ, ಒಂದೊಂದರಲ್ಲಿ 15 ಕೆಜಿ. ವ್ಯಾಪಾರಿ ಮೇಲಿನ ಹಣ್ಣು ಸರಿಸಿ ಕೆಳಗಿನದನ್ನೂ ನೋಡುತ್ತಾರೆ. ಸೈಜ್ ಒಂದೇ ಸಮ ಇದೆಯಾ, ಗಟ್ಟಿ ಇದೆಯಾ, ಚುಕ್ಕೆ ಬಿದ್ದಿದೆಯಾ. ಅಷ್ಟೇ. ಹರಾಜು ಶುರು. ಎಷ್ಟು ಸಲ ಔಷಧಿ ಹೊಡೆದೆ, ಕೊನೇ ಸಲ ಹೊಡೆದು ಎಷ್ಟು ದಿನ ಆಯ್ತು ಅಂತ ಯಾರೂ ಕೇಳುವುದಿಲ್ಲ. ಕಮ್ಮಿ ಹೊಡೆದವರಿಗೆ ಅಂತ ಬೇರೆ ರೇಟು ಇಲ್ಲ. ಜಾಸ್ತಿ ಹೊಡೆದವರ ಹಣ್ಣು ನುಣ್ಣಗೆ ಹೊಳೆದರೆ ಎರಡು ಕಾಸು ಅವರಿಗೇ ಹೆಚ್ಚು.

ಇದರಲ್ಲಿ ವ್ಯಾಪಾರಿಯ ತಪ್ಪೂ ಇಲ್ಲ. ಬೆಂಗಳೂರಿನ ತಳ್ಳುಗಾಡಿ ಮುಂದೆ ನಿಂತ ತಾಯಿ "ಔಷಧಿ ಹೊಡೆದಿಲ್ಲ ತಾನೇ?" ಅಂತ ಕೇಳುತ್ತಾರೆ. ಕೈ ಮಾತ್ರ ಒಂದು ಕಲೆಯೂ ಇಲ್ಲದ ಹಣ್ಣನ್ನೇ ಆರಿಸುತ್ತದೆ. ಹುಳ ಕೊರೆದ ಬದನೆಕಾಯಿ ಪಕ್ಕಕ್ಕೆ ಬೀಳುತ್ತದೆ. ಮುಂದಿನ ಬೆಳೆಗೆ ರೈತ ಔಷಧಿ ಅಂಗಡಿಗೆ ಹೋಗುವುದು ಆ ಪಕ್ಕಕ್ಕೆ ಬಿದ್ದ ಕಾಯಿಯನ್ನು ನೆನೆಸಿಕೊಂಡೇ.

ರೈತರಿಗೆ ಬೇರೆ ದಾರಿ ಗೊತ್ತಿಲ್ಲ ಅಂತಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹೇಳಿಕೊಟ್ಟ ಪದ್ಧತಿ ಇದೆ: 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂ. ಕಾಯಿ ಕೊರೆಯುವ ಹುಳದ ಚಿಟ್ಟೆ ಟೊಮೆಟೊ ಬಿಟ್ಟು ಹೂವಿನ ಗಿಡಕ್ಕೆ ಹೋಗಿ ಮೊಟ್ಟೆ ಇಡುತ್ತದೆ. ಅದರ ಜೊತೆ ವಾಸನೆಯಿಂದ ಚಿಟ್ಟೆಯನ್ನು ಸೆಳೆದು ಹಿಡಿಯುವ ಮೋಹಕ ಬಲೆ, ಹಳದಿ ಅಂಟು ಹಾಳೆ, ಬೇವಿನ ಕಷಾಯ. ಔಷಧಿ ಖರ್ಚು ಇಳಿಯುತ್ತದೆ. ಆದರೆ ದಿನಾ ತೋಟ ಸುತ್ತಿ ಎಲೆ ಮಗುಚಿ ನೋಡಬೇಕು, ಆಳು ಬೇಕು, ಒಂದಷ್ಟು ಕಾಯಿ ಹೋದರೂ ತಡೆದುಕೊಳ್ಳಬೇಕು. ಟೊಮೆಟೊ ರೇಟು ನಿಮಗೆ ಗೊತ್ತೇ ಇದೆ. 2023ರ ಜುಲೈನಲ್ಲಿ ಒಂದು ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತು. ಬೇರೆ ವರ್ಷಗಳಲ್ಲಿ ಕೀಳುವ ಕೂಲಿಯೂ ಹುಟ್ಟದೆ ರಸ್ತೆ ಪಕ್ಕ ಸುರಿದಿದ್ದೇವೆ. ಇಂಥ ಜೂಜಿನಲ್ಲಿ ಸಾಲ ಮಾಡಿ ಕೂತವರು ಹೊಸ ಪ್ರಯೋಗಕ್ಕೆ ಹೆದರುವುದು ಸಹಜ ಅಲ್ವಾ?

ಶಿಡ್ಲಘಟ್ಟದ ಕಡೆ ಹೋದರೆ ಇದರ ಇನ್ನೊಂದು ಮುಖ ಕಾಣುತ್ತದೆ. ಅಲ್ಲಿ ಮನೆ ಮನೆಯಲ್ಲೂ ರೇಷ್ಮೆ ಹುಳು. ಪಕ್ಕದ ದ್ರಾಕ್ಷಿ ತೋಟಕ್ಕೋ ಹೂವಿನ ತೋಟಕ್ಕೋ ಹೊಡೆದ ಔಷಧಿ ಗಾಳಿಯಲ್ಲಿ ಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ ಕಥೆ ಮುಗಿಯಿತು. ನಾಲ್ಕನೇ ಜ್ವರ, ಅಂದರೆ ಕೊನೇ ಸಲ ಪೊರೆ ಬಿಡುವ ಹಂತ, ಮುಗಿಸಿ ಎದ್ದು ಚೆನ್ನಾಗಿ ಮೇಯುತ್ತಿದ್ದ ಹುಳು ತಲೆ ಎತ್ತಿ ಒದ್ದಾಡುತ್ತದೆ, ಹಸಿರು ನೀರು ಕಕ್ಕುತ್ತದೆ, ಮುದುಡಿ ಸಾಯುತ್ತದೆ. ಇಡೀ ಬೆಳೆ ತಿಪ್ಪೆಗೆ. ಲ್ಯಾಬ್ ರಿಪೋರ್ಟಿಗೆ ಕಾಯಬೇಕಾಗಿಲ್ಲ. ಅದಕ್ಕೇ ರೇಷ್ಮೆಯವರು ಸುತ್ತಮುತ್ತ ಯಾರು ಯಾವಾಗ ಔಷಧಿ ಹೊಡೆಯುತ್ತಾರೆ ಅಂತ ವಿಚಾರಿಸುತ್ತಾರೆ, ಗಾಳಿ ನೋಡುತ್ತಾರೆ, ಸೊಪ್ಪು ಕೊಯ್ಯುವ ದಿನ ಲೆಕ್ಕ ಹಾಕುತ್ತಾರೆ. ಅವರಿಗೆ ಯಾರೂ ಪರಿಸರದ ಪಾಠ ಮಾಡಿಲ್ಲ. ನಷ್ಟ ಕಣ್ಣೆದುರೇ ಇದೆ, ಎಚ್ಚರ ತಾನಾಗೇ ಬಂದಿದೆ. ತರಕಾರಿಯಲ್ಲಿ ಆ ನಷ್ಟ ಕಾಣಿಸುವುದಿಲ್ಲ. ಮಣ್ಣಿಗೆ, ಜೇನಿಗೆ, ಔಷಧಿ ಹೊಡೆಯುವ ಕೂಲಿಯವರ ಮೈಗೆ ಆಗುವ ನಷ್ಟ ಯಾವ ಬಿಲ್ಲಿನಲ್ಲೂ ಬರುವುದಿಲ್ಲ.

ಸಾವಯವದ ಬಗ್ಗೆ ಎರಡು ಮಾತು. ರಾಷ್ಟ್ರೀಯ ಸಾವಯವ ನಿಯಮದ ಪ್ರಕಾರ ಪ್ರಮಾಣಪತ್ರ ಬೇಕಾದರೆ ತರಕಾರಿ, ರಾಗಿಯಂಥ ಬೆಳೆಗೆ ಸಾಮಾನ್ಯವಾಗಿ ಎರಡು ವರ್ಷ, ಮಾವಿನಂಥ ತೋಟಕ್ಕೆ ಮೂರು ವರ್ಷ ಕಾಯಬೇಕು. ಆ ಅವಧಿಯಲ್ಲಿ ರಾಸಾಯನಿಕ ಹಾಕುವಂತಿಲ್ಲ. ಇಳುವರಿ ಇಳಿಯಬಹುದು, ಸಾವಯವದ ರೇಟು ಮಾತ್ರ ಇನ್ನೂ ಸಿಗುವುದಿಲ್ಲ. ಗ್ರಾಹಕರು ಬೇಕಾಗಿರುವುದು ನಿಜವಾಗಿ ಆಗ. ಲೇಬಲ್ ಬಂದ ಮೇಲೆ ಕೊಳ್ಳುವವರು ಸಿಕ್ಕೇ ಸಿಗುತ್ತಾರೆ. ಐದಾರು ರೈತರು ಸೇರಿ ಪಿಜಿಎಸ್ ಅನ್ನುವ ಸಹಭಾಗಿ ಖಾತರಿ ಗುಂಪು ಮಾಡಿಕೊಂಡು ಒಬ್ಬರ ತೋಟವನ್ನು ಇನ್ನೊಬ್ಬರು ಪರಿಶೀಲಿಸುವ ವ್ಯವಸ್ಥೆ ಇದೆ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನವರು ಇಂಥ ಗುಂಪಿನ ಜೊತೆ ಇಡೀ ಸೀಸನ್ನಿಗೆ ಮಾತಾಡಿಕೊಂಡು, ರೇಟು ಮೊದಲೇ ಕಟ್ಟಿ, ಕಲೆಯಿರುವ ಕಾಯಿಯನ್ನೂ ತೆಗೆದುಕೊಂಡರೆ ಆ ರೈತರು ನೆಮ್ಮದಿಯಿಂದ ಬದಲಾಗಬಹುದು. ತೋಟಕ್ಕೆ ಬಂದು ಒಮ್ಮೆ ನೋಡಿದರಂತೂ ಇನ್ನೂ ಒಳ್ಳೆಯದು.

ರಾಗಿಗೆ ಇಷ್ಟು ಕಷ್ಟವಿಲ್ಲ. ಮಳೆಯಲ್ಲೇ ಬೆಳೆಯುತ್ತದೆ, ಔಷಧಿ ಕೇಳುವುದು ಅಪರೂಪ. 2023 ಸಿರಿಧಾನ್ಯ ವರ್ಷವಾದ ಮೇಲೆ ಪೇಟೆಯಲ್ಲೂ ಹೆಸರು ಬಂತು. ದಿನಾ ಮುದ್ದೆ ಉಣ್ಣುವವರು ಹೆಚ್ಚಾದರೆ ನಮ್ಮ ಬೋರ್‌ವೆಲ್ಲುಗಳಿಗೂ ಸ್ವಲ್ಪ ಉಸಿರು.

ಬೋರ್‌ವೆಲ್ ಅಂದಾಗ ಕೆ.ಸಿ. ವ್ಯಾಲಿ ನೀರಿನ ಮಾತು, ಅಂದರೆ ಬೆಂಗಳೂರಿನ ಕೊಳಚೆಯನ್ನು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುವ ನೀರಿನ ಮಾತು, ಬರಲೇಬೇಕು. "ಕೋಲಾರದ ತರಕಾರಿಯಾ? ಕೊಳಚೆ ನೀರಿನದು, ಬೇಡ" ಅನ್ನುವವರಿದ್ದಾರೆ. ನನಗೆ ಇದು ತುಂಬಾ ನೋವಿನ ಮಾತು. ಸಾವಿರ ಅಡಿ ಕೊರೆದರೂ ನೀರು ಸಿಗದ ಜಿಲ್ಲೆಗೆ 2018ರಲ್ಲಿ ಲಕ್ಷ್ಮೀಸಾಗರ ಕೆರೆಯ ಮೂಲಕ ಈ ನೀರು ಬಂತು. ಕೆರೆ ತುಂಬಿಸಿ ಅಂತರ್ಜಲ ಏರಿಸುವುದು ಉದ್ದೇಶ. ಎರಡು ಹಂತ ಶುದ್ಧ ಮಾಡಿ ಬಿಡುತ್ತಾರೆ. ಮೂರನೇ ಹಂತವೂ ಬೇಕು ಅಂತ ಇಲ್ಲಿನ ಜನ ಹೋರಾಡಿದರು, ವಿಷಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಅನುಮಾನ ಪಡುವುದು ತಪ್ಪಲ್ಲ, ನಮಗೂ ಇದೆ. ಆದರೆ ಆ ನೀರು ಬಂದದ್ದು ಬೆಂಗಳೂರಿನ ಬಚ್ಚಲು, ಶೌಚಾಲಯಗಳಿಂದ. ತರಕಾರಿ ಬೇಡ ಅಂದರೆ ನಷ್ಟ ರೈತರಿಗೆ ಮಾತ್ರ, ನೀರು ಹಾಗೇ ಹರಿಯುತ್ತದೆ. ಮೂರನೇ ಹಂತದ ಶುದ್ಧೀಕರಣ ಬೇಕು, ಕೆರೆ ನೀರಿನ ಪರೀಕ್ಷೆಯ ಫಲಿತಾಂಶ ಎಲ್ಲರಿಗೂ ಕಾಣುವಂತೆ ಹಾಕಬೇಕು ಅಂತ ಕೋಲಾರದವರ ಜೊತೆ ಬೆಂಗಳೂರಿನ ಗ್ರಾಹಕರೂ ದನಿ ಸೇರಿಸಲಿ. ಇಲ್ಲಿ ಓದಿ ಅಲ್ಲಿ ಕೆಲಸಕ್ಕೆ ಹೋಗುವ ಮಕ್ಕಳು ನೀವು. ಈ ಮಾತನ್ನು ನಿಮ್ಮ ಆಫೀಸಿನಲ್ಲಿ, ನೀವಿರುವ ಬಿಲ್ಡಿಂಗಿನಲ್ಲಿ ಹೇಳಿ.

ನನ್ನ ಮಾತು ಇಷ್ಟು. ಈಗ ನೀವು ಕೇಳಿ.