ಚಿನ್ನದ ಗಣಿಯಲ್ಲಿ ಪ್ರೋಟಾನಿನ ಸಾವಿಗಾಗಿ ಕಾದವರು

ಶ್ರೋತೃಗಳಿಗೆ ನಮಸ್ಕಾರ.

ಬಂಗಾರಪೇಟೆ ಜಂಕ್ಷನ್ನಿನಲ್ಲಿ ರೈಲು ಬದಲಿಸಿದ ನೆನಪು ನಿಮ್ಮಲ್ಲಿ ಹಲವರಿಗೆ ಇರಬಹುದು. ಬೆಂಗಳೂರಿನಿಂದ ಬ್ರಾಡ್‌ಗೇಜಿನಲ್ಲಿ ಬಂದವರು ಕೋಲಾರಕ್ಕೆ ಹೋಗಬೇಕಾದರೆ ಅಲ್ಲಿ ಇಳಿದು ನ್ಯಾರೋಗೇಜಿನ ಪುಟ್ಟ ಗಾಡಿ ಹತ್ತಬೇಕಿತ್ತು. ಹಳಿಯ ಅಳತೆ ಬೇರೆಯಾದ್ದರಿಂದ ಈ ಗಾಡಿ ಆ ಹಳಿಯ ಮೇಲೆ ಓಡದು. ಮೂಟೆಗಳನ್ನು ಒಂದು ಬೋಗಿಯಿಂದ ಇನ್ನೊಂದಕ್ಕೆ ಹೊತ್ತು ಹಾಕಲು ಹಮಾಲಿಗಳೇ ಬೇಕು. ತರಗತಿಯಲ್ಲಿ ಗೇಜ್ ಸಿದ್ಧಾಂತದ ಪಾಠವನ್ನು ನಾನು ಈ ಹಮಾಲಿಗಳಿಂದಲೇ ಶುರು ಮಾಡುತ್ತೇನೆ.

ಗೇಜ್ ಎಂದರೆ ಅಳತೆ. ನಿಸರ್ಗದಲ್ಲಿ ಒಂದೊಂದು ಬಿಂದುವಿಗೂ ತನ್ನದೇ ಅಳತೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿದೆ ಎಂದುಕೊಳ್ಳಿ. ಆದರೂ ಊರಿಂದೂರಿಗೆ ನಿಯಮ ಬದಲಾಗಬಾರದು. ಹಾಗಿದ್ದರೆ ಒಂದು ಬಿಂದುವಿನ ಅಳತೆಯನ್ನು ಪಕ್ಕದ ಬಿಂದುವಿನ ಅಳತೆಗೆ ಹೊಂದಿಸಿ ದಾಟಿಸುವವರು ಎಲ್ಲೆಡೆಯೂ ಇರಲೇಬೇಕು. ನಾವು ಬಲ ಎಂದು ಕರೆಯುವುದು ಈ ದಾಟಿಸುವ ಕೆಲಸವನ್ನೇ. ವಿದ್ಯುತ್ಕಾಂತ ಬಲದ ಮಟ್ಟಿಗೆ ಆ ಹಮಾಲಿ ಬೆಳಕಿನ ಕಣ, ಅಂದರೆ ಫೋಟಾನ್. 1954ರಲ್ಲಿ ಭೌತವಿಜ್ಞಾನಿಗಳಾದ ಯಾಂಗ್ ಮತ್ತು ಮಿಲ್ಸ್ ಈ ವಿಚಾರವನ್ನು ಇನ್ನೂ ದೊಡ್ಡದಾಗಿ ಹರಡಿದರು. ಗ್ಲಾಶೋ, ಸಲಾಂ ಮತ್ತು ವೈನ್‌ಬರ್ಗ್ ಕೆಲವು ಬಗೆಯ ವಿಕಿರಣಕ್ಕೆ ಕಾರಣವಾದ ದುರ್ಬಲ ಬಲವನ್ನೂ ವಿದ್ಯುತ್ಕಾಂತ ಬಲವನ್ನೂ ಒಂದೇ ಎಳೆಯಲ್ಲಿ ಹೆಣೆದು 1979ರ ನೊಬೆಲ್ ಪಡೆದರು. ಅದರ ಹಮಾಲಿಗಳಾದ ಡಬ್ಲ್ಯು ಮತ್ತು ಝಡ್ ಕಣಗಳು 1983ರಲ್ಲಿ ಸರ್ನ್ ಪ್ರಯೋಗಾಲಯದಲ್ಲಿ ಸಿಕ್ಕವು.

ನಮ್ಮ ಕೋಲಾರ ಜಿಲ್ಲೆಯ ಗಣಿಯ ಕಥೆಗೆ ಬೇಕಾದದ್ದು ಇದರ ಮುಂದಿನ ಹೆಜ್ಜೆ. 1974ರಲ್ಲಿ ಜಾರ್ಜೈ ಮತ್ತು ಗ್ಲಾಶೋ ಪರಮಾಣು ಬೀಜವನ್ನು ಹಿಡಿದಿಡುವ ಪ್ರಬಲ ಬಲವನ್ನೂ ಇದೇ ಎಳೆಗೆ ಸೇರಿಸಿದರು. ಹಾಗೆ ಸೇರಿಸಿದೊಡನೆ ಪ್ರೋಟಾನಿನೊಳಗಿನ ಕ್ವಾರ್ಕೂ ಹೊರಗೆ ಸುತ್ತುವ ಎಲೆಕ್ಟ್ರಾನೂ ಒಂದೇ ಮನೆತನದವಾದವು, ಒಂದು ಇನ್ನೊಂದಾಗಿ ಬದಲಾಗಬಹುದು ಎಂದಾಯಿತು. ಅಂದರೆ ಪ್ರೋಟಾನಿಗೂ ಸಾವಿದೆ! ಯಾವಾಗ? ಲೆಕ್ಕ ಹಾಕಿದಾಗ ಬಂದ ಆಯಸ್ಸು, ಒಂದರ ಮುಂದೆ ಸುಮಾರು 30 ಸೊನ್ನೆ ಹಾಕಿದಷ್ಟು ವರ್ಷ. ವಿಶ್ವದ ಈಗಿನ ವಯಸ್ಸೇ 1,380 ಕೋಟಿ ವರ್ಷ.

ಒಂದು ಪ್ರೋಟಾನಿನ ಮುಂದೆ ಅಷ್ಟು ಕಾಲ ಕೂತು ಕಾಯುವವರು ಯಾರು? ಅದಕ್ಕೊಂದು ಉಪಾಯವಿದೆ. 140 ಟನ್ ಕಬ್ಬಿಣ ತನ್ನಿ. ಅದರಲ್ಲಿ ಪ್ರೋಟಾನ್, ನ್ಯೂಟ್ರಾನ್ ಸೇರಿ ಒಂದರ ಮುಂದೆ 31 ಸೊನ್ನೆಯ ಸಂಖ್ಯೆಗಿಂತ ಎಂಟು ಪಟ್ಟು ಕಣಗಳಿವೆ. ಸಿದ್ಧಾಂತದ ಮಾತು ನಿಜವಾದರೆ ವರ್ಷಕ್ಕೆ ಕೆಲವಾದರೂ ಸಾಯಲೇಬೇಕು. ಆ ಕ್ಷಣವನ್ನು ಹಿಡಿಯುವ ಕಣ್ಣು ಬೇಕು, ಅಷ್ಟೇ.

ಆ ಕಣ್ಣು ಎಂಥದು ಎಂದು ತಿಳಿಯಲು ಹೋದ ವರ್ಷ ನಾವು ಪ್ರಯೋಗಾಲಯದಲ್ಲಿ ಮಕ್ಕಳ ಜೊತೆ ಒಂದು ಮೇಘಕೋಷ್ಠ, ಅಂದರೆ ಕಣ ಹಾದ ದಾರಿಯನ್ನು ಮಂಜಿನ ಎಳೆಯಾಗಿ ತೋರಿಸುವ ಪೆಟ್ಟಿಗೆ, ಮಾಡಿದೆವು. ಮೀನು ಸಾಕುವ ಗಾಜಿನ ತೊಟ್ಟಿ, ಒಳಗೆ ಆಲ್ಕೋಹಾಲಿನಲ್ಲಿ ನೆನೆಸಿದ ಬಟ್ಟೆ, ತಳಕ್ಕೆ ಕಪ್ಪು ಬಳಿದ ತಗಡು, ಅದರಡಿ ಒಣ ಮಂಜುಗಡ್ಡೆ. ಕಿಟಕಿ ಮುಚ್ಚಿ, ಪಕ್ಕದಿಂದ ಟಾರ್ಚ್ ಹಿಡಿದು ಕೂತೆವು. ಬಹಳ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ತಗಡಿನ ಮೇಲೆ ಒಂದು ಬಿಳಿ ಎಳೆ, ರಂಗೋಲಿಗೆಂದು ಬೆರಳಿನಿಂದ ಹಿಟ್ಟು ಬಿಟ್ಟಂತೆ, ಮೂಡಿ ಕರಗಿತು. ಇನ್ನೊಂದು. ಮತ್ತೊಂದು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: ಇವು ನಿಲ್ಲುವುದೇ ಇಲ್ಲವಾ ಸಾರ್?

ನಿಲ್ಲುವುದಿಲ್ಲ. ಆಕಾಶದ ಕಡೆಯಿಂದ ಬರುವ ಮ್ಯುವಾನ್ ಕಣಗಳು ನಿಮ್ಮ ಅಂಗೈಯನ್ನು ಸೆಕೆಂಡಿಗೆ ಒಂದರಂತೆ ಈಗಲೂ ದಾಟುತ್ತಿವೆ. ಈ ಜಡಿಮಳೆಯಲ್ಲಿ ಪ್ರೋಟಾನಿನ ಸಾವು ಕಾಣುವುದೆಲ್ಲಿ? ಆಳಕ್ಕೆ ಇಳಿಯಬೇಕು. ಅಷ್ಟು ಆಳವನ್ನು ಚಿನ್ನದ ಆಸೆಗೆ ನಮ್ಮ ಕೆಜಿಎಫ್‌ನ ಜನ ಆಗಲೇ ತೋಡಿಟ್ಟಿದ್ದರು.

ವಿಜ್ಞಾನಿಗಳಿಗೂ ಆ ದಾರಿ ಹೊಸದಲ್ಲ. 1951ರಲ್ಲೇ ಹೋಮಿ ಭಾಭಾ ಅವರ ಸೂಚನೆಯಂತೆ, ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಗಣಿಗಿಳಿದು ಮ್ಯುವಾನ್ ಎಣಿಸಲು ತೊಡಗಿದ್ದರು. ಇಳಿದಷ್ಟೂ ಎಣಿಕೆ ಕಡಿಮೆಯಾಯಿತು. 1960ರ ದಶಕದ ಆರಂಭದಲ್ಲಿ ಇನ್ನೂ ಆಳದಲ್ಲಿ ಉಪಕರಣ ಇಟ್ಟು ಸುಮಾರು ಎರಡು ತಿಂಗಳು ಕಾದರೂ ಒಂದೇ ಒಂದು ಮ್ಯುವಾನ್ ಬರಲಿಲ್ಲ. ಆ ಮೌನ ಎಷ್ಟು ದೊಡ್ಡ ಸಂಪತ್ತು ಎಂಬುದು ಅವರಿಗೆ ಕೂಡಲೇ ಹೊಳೆಯಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರು ಸೇರಿ ಚಾಂಪಿಯನ್ ರೀಫ್ ಗಣಿಯ 2.3 ಕಿಲೋಮೀಟರ್ ಆಳದಲ್ಲಿ, ಕಣ ತಾಗಿದರೆ ಬೆಳಕು ಚಿಮ್ಮಿಸುವ ಸಿಂಟಿಲೇಟರ್ ಗೋಡೆಗಳನ್ನು ನಿಲ್ಲಿಸಿ, ನಡುವೆ ನಿಯಾನ್ ಕೊಳವೆಗಳನ್ನು ಜೋಡಿಸಿದರು. ಕಣ ಹಾದುಹೋದಾಗ ಆ ದಾರಿಯ ಕೊಳವೆಗಳು ಮಿನುಗುತ್ತವೆ, ಕ್ಯಾಮೆರಾ ಅದನ್ನು ಹಿಡಿಯುತ್ತದೆ. ಅಡ್ಡಡ್ಡವಾಗಿ ಬಂದ ಕಣ ಮೇಲಿನ ಮಳೆಯದಾಗಿರಲು ಸಾಧ್ಯವಿಲ್ಲ, ಅದು ಬಂಡೆಯೊಳಗೆ ನ್ಯೂಟ್ರಿನೋ, ಅಂದರೆ ಬಹುತೇಕ ಏನನ್ನೂ ತಾಗದೆ ತೂರಿ ಹೋಗುವ ವಿದ್ಯುದಂಶವಿಲ್ಲದ ಕಣ, ಬಡಿದು ಹುಟ್ಟಿದ್ದು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು ಹೀಗೆ 1965ರಲ್ಲಿ ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಅಮೆರಿಕದ ವಿಜ್ಞಾನಿ ರೈನ್ಸ್ ಅವರ ತಂಡಕ್ಕೂ ಅದು ಸಿಕ್ಕಿತು. ಜಗತ್ತಿನಲ್ಲಿ ಮೊದಲ ಬಾರಿಗೆ ಇದನ್ನು ಕಂಡ ಎರಡು ಜಾಗಗಳಲ್ಲಿ ಒಂದು ನಮ್ಮ ಜಿಲ್ಲೆಯದು. ಇದನ್ನು ಕೇಳಿಯೇ ಇಲ್ಲದ ವಿಜ್ಞಾನ ಪದವೀಧರರು ಇಲ್ಲಿದ್ದಾರೆ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ಪ್ರೋಟಾನಿನ ಪ್ರಯೋಗ ಶುರುವಾದದ್ದು 1980ರಲ್ಲಿ. ಚಿನ್ನ ಮೇಲೆ ಬರುತ್ತಿದ್ದ ದಾರಿಯಲ್ಲೇ ಕಬ್ಬಿಣ ಕೆಳಗಿಳಿಯಿತು. ಹತ್ತು ಸೆಂಟಿಮೀಟರ್ ಅಗಲದ ಚೌಕ ಕೊಳವೆಗಳು, ಸುಮಾರು 1,600. ಪ್ರತಿಯೊಂದರ ನಟ್ಟನಡುವೆ ಒಂದು ತೆಳು ತಂತಿ, ಸುತ್ತ ಆರ್ಗಾನ್ ಮತ್ತು ಮೀಥೇನ್ ಅನಿಲ. ಕೊಳವೆಗಳ ಒಂದು ಪದರ ಉದ್ದಕ್ಕೆ, ಅದರ ಮೇಲಿನದು ಅಡ್ಡಕ್ಕೆ, ನಡುವೆ ಕಬ್ಬಿಣದ ಹಲಗೆ, ಹೀಗೆ 34 ಪದರ. ಕಣ ಹಾದಾಗ ಅನಿಲದಿಂದ ಸಿಡಿದ ಎಲೆಕ್ಟ್ರಾನುಗಳು ತಂತಿಯತ್ತ ಓಡಿ ಒಂದು ಮಿಡಿತ ಕೊಡುತ್ತವೆ. ಯಾವ ಪದರದ ಯಾವ ಕೊಳವೆ ಮಿಡಿಯಿತು ಎಂದು ಬರೆದುಕೊಂಡರೆ ಕಣದ ಹೆಜ್ಜೆ ಸಿಕ್ಕಂತೆ.

ಹೊರಗಿನಿಂದ ಬಂದ ಕಣವಾದರೆ ಅದರ ಹೆಜ್ಜೆ ಅಂಚಿನಿಂದಲೇ ಶುರುವಾಗುತ್ತದೆ. ಪ್ರೋಟಾನ್ ಸತ್ತರೆ ಹೆಜ್ಜೆ ಒಳಗೇ ಹುಟ್ಟಿ, ಎರಡು ಎದುರು ದಿಕ್ಕಿಗೆ ಚಾಚಿ, ಒಳಗೇ ಮುಗಿಯಬೇಕು. ಅಲ್ಲಿ ದಿನಕ್ಕೆ ಬರುತ್ತಿದ್ದ ಮ್ಯುವಾನುಗಳು ಒಂದೆರಡು ಮಾತ್ರ, ಅವುಗಳ ಕಾಟವಿಲ್ಲ. ಕಾಟ ಕೊಟ್ಟದ್ದು ನ್ಯೂಟ್ರಿನೋ. ಅದು ಒಳಬರುವಾಗ ಹೆಜ್ಜೆ ಮೂಡಿಸುವುದಿಲ್ಲ, ಕಬ್ಬಿಣದ ನಡುವೆ ಬೀಜವೊಂದಕ್ಕೆ ಬಡಿದಾಗ ಮಾತ್ರ ಗುರುತು ಬೀಳುತ್ತದೆ. ಆ ಗುರುತು ನೋಡಲು ಪ್ರೋಟಾನಿನ ಸಾವಿನಂತೆಯೇ ಇರಬಲ್ಲದು. ಇದೇ ಗಣಿಗೆ ಹೆಸರು ತಂದ ಕಣವೇ ಈಗ ಅಡ್ಡ ಬಂದಿತ್ತು.

1980ರ ದಶಕದ ಆರಂಭದಲ್ಲಿ ತಂಡವು, ಒಳಗೇ ಹುಟ್ಟಿ ಒಳಗೇ ಮುಗಿದಂತೆ ಕಾಣುವ ಕೆಲವು ಘಟನೆಗಳನ್ನು ಪ್ರಕಟಿಸಿತು. ಅಮೆರಿಕದ ಉಪ್ಪಿನ ಗಣಿಯೊಂದರಲ್ಲಿ, ಜಪಾನಿನ ಕಮಿಯೋಕಾದಲ್ಲಿ ಸಾವಿರಾರು ಟನ್ ನೀರಿನ ತೊಟ್ಟಿಗಳನ್ನಿಟ್ಟು ನೋಡಿದವರಿಗೆ ಅಂಥದು ಕಾಣಲಿಲ್ಲ. ಸಿದ್ಧಾಂತದ ಸರಳ ರೂಪ ಬಿದ್ದುಹೋಯಿತು. ಪ್ರೋಟಾನಿನ ಆಯಸ್ಸು ಒಂದರ ಮುಂದೆ 34 ಸೊನ್ನೆಯಷ್ಟು ವರ್ಷಕ್ಕೂ ಹೆಚ್ಚು ಎಂದು, ಕಮಿಯೋಕಾದಲ್ಲೇ ಆಮೇಲೆ ಕಟ್ಟಿದ ಇನ್ನೂ ದೊಡ್ಡ ತೊಟ್ಟಿ ಸೂಪರ್ ಕಮಿಯೋಕಾಂಡೆ ಹೇಳಿದೆ. ಕೋಲಾರದವರು ತಮ್ಮ ಹೆಜ್ಜೆಗುರುತುಗಳನ್ನು ಬಚ್ಚಿಡದೆ ಲೋಕದ ಮುಂದೆ ಇಟ್ಟರು ಎಂಬುದು ನನಗೆ ಹೆಮ್ಮೆಯ ವಿಷಯ. ಅದೇ ಸೂಪರ್ ಕಮಿಯೋಕಾಂಡೆ ತೊಟ್ಟಿ 1998ರಲ್ಲಿ, ವಾತಾವರಣದ ನ್ಯೂಟ್ರಿನೋಗಳು ದಾರಿಯಲ್ಲಿ ರೂಪ ಬದಲಿಸುತ್ತವೆ ಎಂದು ತೋರಿಸಿತು. 1965ರಲ್ಲಿ ಚಾಂಪಿಯನ್ ರೀಫಿನಲ್ಲಿ ಮಿನುಗಿದ್ದು ಆ ನ್ಯೂಟ್ರಿನೋಗಳ ಗುರುತೇ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಂಪುಗಳು ನಿಂತ ಮೇಲೆ ಸುರಂಗಗಳಿಗೆ ನೀರು ತುಂಬಿತು. ಈಗ ಇಳಿದು ನೋಡುವಂತಿಲ್ಲ. ಅದಕ್ಕೇ ರಾಬರ್ಟ್‌ಸನ್ ಪೇಟೆ, ಆಂಡರ್ಸನ್ ಪೇಟೆ, ಮಾರಿಕುಪ್ಪಂ ಕಡೆಯ ಮನೆಗಳವರಲ್ಲಿ ನನ್ನದೊಂದು ವಿನಂತಿ. ವಿಜ್ಞಾನಿಗಳ ಸಾಮಾನು ಕೆಳಗಿಳಿಸಲು ಕೈಕೊಟ್ಟ ಹಿರಿಯರು ನಿಮ್ಮಲ್ಲಿ ಇರಬಹುದು. ಹಳೆಯ ಫೋಟೋ, ಡೈರಿಯ ಹಾಳೆ, ಕೊಳವೆಯ ತುಂಡು, ಏನೇ ಇದ್ದರೂ ಗುಜರಿಗೆ ಹಾಕಬೇಡಿ. ಹತ್ತಿರದ ಶಾಲೆಯ ವಿಜ್ಞಾನ ಶಿಕ್ಷಕರಿಗೆ ಒಮ್ಮೆ ತೋರಿಸಿ. ಆ ಹಿರಿಯರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಮಕ್ಕಳ ಮುಂದೆ ಕೂರಿಸಿ.

ನಮಸ್ಕಾರ.