ಐದನೇ ವಾರದ ಚೀಟಿ

ಮಕ್ಕಳಿಗೆ ಓದುವ ಪ್ರೇರಣೆ ಹುಟ್ಟಿಸುವುದು ಹೇಗೆ ಅಂತ ಮಾತಾಡಲು ನನ್ನನ್ನು ಕರೆದಿದ್ದೀರಿ, ನಾನು ಫೀಡ್‌ಬ್ಯಾಕಿನಿಂದ ಶುರು ಮಾಡುತ್ತೇನೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಮೌಲ್ಯಮಾಪನ ಬಂತು ಅಂದರೆ ಕಾಲೇಜಿನಲ್ಲಿ ಏನೇನು ನಡೆಯುತ್ತದೆ ಅಂತ ಇಲ್ಲಿ ಕೂತ ಮೇಷ್ಟ್ರುಗಳಿಗೆ ಬಿಡಿಸಿ ಹೇಳಬೇಕಿಲ್ಲ. ಗೋಡೆಗೆ ಸುಣ್ಣ, ಫೈಲಿಗೆ ಹೊಸ ರಟ್ಟು, ಮಕ್ಕಳ ಕೈಗೆ ಫೀಡ್‌ಬ್ಯಾಕ್ ಫಾರಂ. ಸಂಸ್ಥೆಗೆ ಅದು ಬೇಕು, ಇರಲಿ. ಆದರೆ ಸೆಮಿಸ್ಟರ್ ಮುಗಿದ ಮೇಲೆ ಕೇಳಿದ್ದರ ಫಲ ಹೇಳಿದ ಮಕ್ಕಳಿಗೆ ಸಿಗುವುದಿಲ್ಲ, ಮುಂದಿನ ಬ್ಯಾಚಿಗೆ ಸಿಗುತ್ತದೆ. ಇದು ಅವರಿಗೂ ಗೊತ್ತು. ಅದಕ್ಕೇ ಕಣ್ಣು ಮುಚ್ಚಿ ಟಿಕ್ ಹಾಕುತ್ತಾರೆ. ಸೆಮಿಸ್ಟರ್ ನಡುವೆಯೇ ಒಂದು ಚೀಟಿಯಲ್ಲಿ ಕೇಳಿ ಅನ್ನುವುದೇ ನನ್ನ ಮಾತು.

ಹಾರ್ವರ್ಡಿನ ಸಂಖ್ಯಾಶಾಸ್ತ್ರಜ್ಞ ಫ್ರೆಡರಿಕ್ ಮೋಸ್ಟೆಲರ್ ತರಗತಿಯ ಕೊನೆಯ ಕೆಲವು ನಿಮಿಷ ಚೀಟಿ ಬರೆಸುತ್ತಿದ್ದರು. ಇವತ್ತಿನ ಪಾಠದಲ್ಲಿ ಮುಖ್ಯವಾದದ್ದು ಏನು, ಎಲ್ಲಿ ಗೋಜಲಾಯಿತು, ಇನ್ನೂ ಏನು ಕೇಳಬೇಕು? ಈ ಬಗ್ಗೆ 1989ರಲ್ಲಿ ಬರೆದರು ಕೂಡ. ಜೀವನವಿಡೀ ಅಂಕಿಸಂಖ್ಯೆ ಜೊತೆ ಏಗಿದ ಮನುಷ್ಯ 'ನನಗೆ ಐದಕ್ಕೆ ಎಷ್ಟು' ಅಂತ ಕೇಳಲಿಲ್ಲ ನೋಡಿ! ಅಂಕ ಕೊಡುವ ಅಭ್ಯಾಸ ಬಿಡಲಾಗದವರು ನಾವೇ.

ನಮ್ಮಲ್ಲಿ ಹೀಗೆ ಮಾಡಬಹುದು. ಐದನೇ ವಾರ, ಮೊದಲ ಇಂಟರ್ನಲ್ ಪರೀಕ್ಷೆಗೆ ಮುಂಚೆ. ಎ4 ಹಾಳೆಯ ಕಾಲು ಭಾಗ ಒಬ್ಬೊಬ್ಬರಿಗೆ, 60 ಮಕ್ಕಳಿಗೆ 15 ಹಾಳೆ. ಎರಡೇ ಪ್ರಶ್ನೆ: ಕಲಿಯೋಕೆ ಏನು ಅನುಕೂಲ ಆಗುತ್ತಿದೆ, ಏನು ಅಡ್ಡ ಬರುತ್ತಿದೆ. 'ಪಾಠ ಹೇಗಿದೆ' ಅಂತ ಕೇಳಿದರೆ 'ಚೆನ್ನಾಗಿದೆ ಸಾರ್' ಅಂತ ಬರುತ್ತದೆ, ಅಷ್ಟೇ. ಹೆಸರು, ರೋಲ್ ನಂಬರ್ ಬೇಡ. ಕನ್ನಡದಲ್ಲಿ ಬರೆಯಬಹುದು ಅಂತ ಬಾಯಿಬಿಟ್ಟು ಹೇಳಿ. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್ ಅಂದರೆ ಖಾಲಿ ಚೀಟಿ ಮಡಚಿ ಕೊಡುತ್ತಾರೆ. ನೀವು ಹೊರಗೆ ಹೋಗಿ, ಕ್ಲಾಸ್ ರೆಪ್ ಚೀಟಿಗಳನ್ನು ಕವರಿಗೆ ಹಾಕಲಿ. ಇಂಟರ್ನಲ್ ಮಾರ್ಕ್ಸ್ ನಿಮ್ಮ ಕೈಯಲ್ಲಿದೆ, ನಿಮಗೆ ಅವರ ಕೈಬರಹ ಗೊತ್ತು. ಹೆದರಿಕೆ ಸುಮ್ಮನೆ ಬಂದದ್ದಲ್ಲ.

ಆಮೇಲೆ ಚೀಟಿಗಳನ್ನು ವಿಂಗಡಿಸಿ: ಈಗಲೇ ಬದಲಾಯಿಸಬಹುದಾದವು, ನಮ್ಮ ಕೈಯಲ್ಲಿಲ್ಲದವು. 'ತುಂಬಾ ಸ್ಪೀಡು ಸಾರ್' ಅಂತ ಇಪ್ಪತ್ತು ಚೀಟಿ ಬಂದವು ಅಂದುಕೊಳ್ಳಿ. ಮೇಷ್ಟ್ರು ಮಾರನೇ ದಿನದಿಂದ ಎಳೆದೆಳೆದು ಮಾತಾಡುತ್ತಾರೆ, ಹಿಂದಿನ ಬೆಂಚು ನಿದ್ದೆಗೆ ಜಾರುತ್ತದೆ. ಸ್ಪೀಡು ಮಾತಿನದಲ್ಲ, ಸ್ಲೈಡಿನದು! ಕಾಸ್ಟ್ ಶೀಟಿನಲ್ಲಿ, ಅಂದರೆ ತಯಾರಿಕೆ ವೆಚ್ಚದ ಪಟ್ಟಿಯಲ್ಲಿ, ಪ್ರೈಮ್ ಕಾಸ್ಟ್ ಬರೆದುಕೊಳ್ಳುವಷ್ಟರಲ್ಲಿ ಪರದೆ ಮೇಲೆ ಮುಂದಿನ ಹಂತದ ವರ್ಕ್ಸ್ ಕಾಸ್ಟ್ ಬಂದಿರುತ್ತದೆ. ಲೆಕ್ಕ ಬೋರ್ಡಿನ ಮೇಲೆ ಮಾಡಿ, ಎಡಭಾಗ ಅಳಿಸಬೇಡಿ, ಮುಗಿಯಿತು. ಅದಕ್ಕೇ ಯಾವ ಸ್ಪೀಡು ಅಂತ ತರಗತಿಯಲ್ಲೇ ಕೇಳಿಕೊಳ್ಳಿ.

ಇದಕ್ಕೂ ಪ್ರೇರಣೆಗೂ ಏನು ಸಂಬಂಧ ಅಂತೀರಾ? ವರ್ಜೀನಿಯಾ ಟೆಕ್‌ನ ಬ್ರೆಟ್ ಜೋನ್ಸ್ 2009ರಲ್ಲಿ 'ಮ್ಯೂಸಿಕ್' (MUSIC) ಅನ್ನುವ ಮಾದರಿ ಕೊಟ್ಟರು, ಐದು ಇಂಗ್ಲಿಷ್ ಪದಗಳಿಂದ ಒಂದೊಂದು ಅಕ್ಷರ ಹೆಕ್ಕಿ. ನನ್ನ ಮಾತು ನಡೆಯುತ್ತದೆ, ಇದು ಉಪಯೋಗಕ್ಕೆ ಬರುತ್ತದೆ, ನನ್ನ ಕೈಲಾಗುತ್ತದೆ, ರುಚಿಯಿದೆ, ಮೇಷ್ಟ್ರಿಗೆ ನಮ್ಮ ಮೇಲೆ ಕಾಳಜಿಯಿದೆ: ಈ ಐದು ಅನಿಸಿದರೆ ಹುಡುಗರು ಓದುತ್ತಾರೆ. (ಮೊದಲನೆಯದಕ್ಕೆ ಅವರ ಪದ 'ಎಂಪವರ್‌ಮೆಂಟ್'. ಅದರ ಮೊದಲ ಅಕ್ಷರ ಬಿಟ್ಟು ಎರಡನೆಯದನ್ನು ಹಿಡಿದಿದ್ದಾರೆ, ರಾಗ ಕೂಡಲಿ ಅಂತ.) ಮೊದಲನೆಯದನ್ನೂ ಕೊನೆಯದನ್ನೂ ಒಂದೇ ಏಟಿಗೆ ತೋರಿಸುವುದು, ಹೇಳಿದ್ದಕ್ಕೆ ಮುಂದಿನ ತರಗತಿಯಲ್ಲೇ ಉತ್ತರ. 'ಇಪ್ಪತ್ತು ಜನ ಇದನ್ನು ಬರೆದಿದ್ದೀರಿ, ಇವತ್ತಿಂದ ಹೀಗೆ. 75% ಹಾಜರಿಯ ನಿಯಮ ನನ್ನ ಕೈಯಲ್ಲಿಲ್ಲ.' ಉತ್ತರ ಕೊಡುವುದಿಲ್ಲವಾದರೆ ಚೀಟಿಯನ್ನೇ ಹಂಚಬೇಡಿ.

ಅಧ್ಯಕ್ಷರು ಎರಡು ಸಲ ಗಡಿಯಾರ ನೋಡಿದರು. ಚೀಟಿ ಬದಲು ಗೂಗಲ್ ಫಾರಂ ಬಳಸುವವರಿಗೆ ಒಂದೇ ಮಾತು: ಇಮೇಲ್ ಸಂಗ್ರಹ ಆಫ್ ಮಾಡಿ, ಲಿಂಕ್ ವಾಟ್ಸಾಪ್ ಗ್ರೂಪಿಗೆ ಎಸೆದು ಸುಮ್ಮನಾಗಬೇಡಿ, ತರಗತಿಯಲ್ಲೇ ತುಂಬಿಸಿ. ಹತ್ತನೇ ವಾರ ಇನ್ನೊಂದು ಚೀಟಿ, ಒಂದೇ ಪ್ರಶ್ನೆ: ಬದಲಾಯಿಸಿದ್ದು ಉಪಯೋಗಕ್ಕೆ ಬಂತಾ? ಅದಕ್ಕೂ ಉತ್ತರ ಕೊಡಬೇಕು, ಮರೀಬೇಡಿ.